ಮೂರನೇ ಮಹಡಿಯ ಕುಂಡಕ್ಕೆ ಸವಳು ಹಿಡಿದ ಕಥೆ

ಮೊದಲು ಹೋದದ್ದು ಒಂದೆಲಗ. ಹಿಂದೆಯೇ ಪುದೀನ. ಕರಿಬೇವು ಮಾತ್ರ ಅತ್ತ ಸಾಯದೆ ಇತ್ತ ಚಿಗುರದೆ ಹಾಗೇ ನಿಂತಿತ್ತು. 2024ರ ಏಪ್ರಿಲ್‌ನಿಂದ ಜೂನ್‌ವರೆಗೆ ನಮ್ಮ ಬಾಲ್ಕನಿಯಲ್ಲಿ ದಿನಾ ಬೆಳಗ್ಗೆ ಇದೇ ನೋಟ. ಕಾರಣ ಹುಡುಕುತ್ತಾ ಹೋದವಳು ಕೊನೆಗೆ ನಿಂತದ್ದು ನಮ್ಮ ಕಟ್ಟಡದ ಪಂಪ್ ರೂಮಿನಲ್ಲಿ, ಉಪ್ಪಿನ ಮೂಟೆಗಳ ಎದುರು. ಇದೇ ತೊಂದರೆ ಇನ್ನೂ ಎಷ್ಟೋ ಫ್ಲ್ಯಾಟುಗಳಲ್ಲಿ ಇರಬಹುದು ಅನಿಸಿದ್ದರಿಂದ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಜಾಗದ ವಿವರ. ಮನೆ ಇರುವುದು ಬೆಂಗಳೂರಿನ ಪೂರ್ವ ಭಾಗದಲ್ಲಿ, ಮೂರನೇ ಮಹಡಿ. ಬಾಲ್ಕನಿಯೂ ಪೂರ್ವಕ್ಕೇ ಇದೆ. ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಒಳ್ಳೇ ಬಿಸಿಲು, ಆಮೇಲೆ ಬರೀ ಬೆಳಕು. ಮೇಲಿನ ಮನೆಯ ಬಾಲ್ಕನಿಯೇ ನಮಗೆ ಸೂರು. ಹಾಗಾಗಿ ಗಾಳಿ ಜೋರಾಗಿ ಬೀಸಿದರೆ ನಾಲ್ಕು ಹನಿ ಒಳಗೆ ಬರುತ್ತದೆ, ಅಷ್ಟೇ. ಮಳೆ ಅಂತ ಕುಂಡದ ಮೇಲೆ ಬೀಳುವುದಿಲ್ಲ. ಈ ಸಣ್ಣ ವಿಷಯ ಎಷ್ಟು ದೊಡ್ಡದು ಅಂತ ಆಗ ನನಗೆ ಗೊತ್ತಿರಲಿಲ್ಲ.

ಒಟ್ಟು ಒಂಬತ್ತು ಕುಂಡ. ಕರಿಬೇವು, ತುಳಸಿ, ದೊಡ್ಡಪತ್ರೆ, ಒಂದೆಲಗ, ಪುದೀನ, ಮಜ್ಜಿಗೆ ಹುಲ್ಲು, ಲೋಳೆಸರ, ವೀಳ್ಯದೆಲೆ ಬಳ್ಳಿ, ಮತ್ತೆ ಕೊತ್ತಂಬರಿ ಬಿತ್ತುವ ಒಂದು ಅಗಲದ ಟಬ್. ಒಂದೆಲಗ ಮತ್ತು ವೀಳ್ಯದೆಲೆ ಅಮ್ಮ ಶಿರಸಿಯಿಂದ ತಂದವು. ಅಡಿಕೆ ಹಾಳೆಯಲ್ಲಿ ಒದ್ದೆ ಮಣ್ಣಿನ ಸಮೇತ ಸುತ್ತಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಉಳಿದವು ನರ್ಸರಿಯಿಂದ, ಸ್ನೇಹಿತರಿಂದ ಬಂದವು. ಮೊದಲ ಮೂರ್ನಾಲ್ಕು ತಿಂಗಳು ಎಲ್ಲವೂ ಚೆನ್ನಾಗಿದ್ದವು. ವಾರಕ್ಕೊಮ್ಮೆ ದೊಡ್ಡಪತ್ರೆ ತಂಬುಳಿ ಆಗುತ್ತಿತ್ತು.

ಫೆಬ್ರವರಿ ಮುಗಿಯುವವರೆಗೆ ನಲ್ಲಿ ನೀರನ್ನೇ ಹಾಕುತ್ತಿದ್ದೆ. ಕುಂಡದ ತಳದಿಂದ ಸ್ವಲ್ಪ ಸೋರುವಷ್ಟು. ಆಮೇಲೆ ಆ ಬೇಸಿಗೆ ಬಂತು. 2023ರಲ್ಲಿ ಮಳೆ ಕೈಕೊಟ್ಟಿತ್ತು, ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತುತ್ತಿದ್ದವು, ಟ್ಯಾಂಕರ್‌ಗೆ ಜನ ಕಾಯುತ್ತಿದ್ದರು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ನಮ್ಮ ಕಟ್ಟಡಕ್ಕೆ ಆಗ ಕಾವೇರಿ ಸಂಪರ್ಕ ಇರಲಿಲ್ಲ. ಬೋರ್‌ವೆಲ್ ಮತ್ತು ಟ್ಯಾಂಕರ್, ಎರಡೇ. ಆದರೂ ಗಿಡಕ್ಕೆ ಒಳ್ಳೇ ನೀರು ಸುರಿಯಲು ಮನಸ್ಸು ಬರಲಿಲ್ಲ.

ಆಗ ಮೂರು ಬದಲಾವಣೆ ಮಾಡಿದೆ. ಒಂದು, ಅಡುಗೆಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಕ್ಯಾನ್‌ನಲ್ಲಿ ಹಿಡಿದು ಗಿಡಕ್ಕೆ ಹಾಕತೊಡಗಿದೆ. ಒಂದು ಲೀಟರ್ ಶುದ್ಧ ನೀರಿಗೆ ಈ ಯಂತ್ರಗಳು ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತವೆ. ಅದು ಸುಮ್ನೆ ಚರಂಡಿಗೆ ಹೋಗುವ ಬದಲು ಗಿಡಕ್ಕಾದರೂ ಆಗಲಿ ಅಂತ. ಎರಡು, ನೀರಿನ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದೆ. ಮೂರು, ಪ್ರತಿ ಕುಂಡದ ಕೆಳಗೆ ತಟ್ಟೆ ಇಟ್ಟೆ. ಕೆಂಪು ನೀರು ಸೋರಿ ಕೆಳಗಿನ ಮನೆಯವರು ಒಣಗಿಸಿದ ಬಟ್ಟೆಯ ಮೇಲೆ ಬಿದ್ದಿತ್ತು, ಅವರು ಬಂದು ಹೇಳಿದ್ದರು. ತಟ್ಟೆಯಲ್ಲಿ ನಿಂತ ನೀರನ್ನು ಕುಂಡದ ಮಣ್ಣು ತಾನೇ ಹೀರಿಕೊಳ್ಳುತ್ತಿತ್ತು. ಒಂದು ಹನಿಯೂ ಪೋಲಾಗುತ್ತಿಲ್ಲ ಅಂತ ಸಮಾಧಾನಪಟ್ಟಿದ್ದೆ.

ಗಿಡಗಳು ಹೇಳಿದ್ದು

ಏಪ್ರಿಲ್ ಎರಡನೇ ವಾರ ಒಂದೆಲಗದ ಎಲೆಯ ಅಂಚು ಒಣಗಿತು. ನೀರಿಲ್ಲದೆ ಬಾಡಿದ ಹಾಗಲ್ಲ. ಎಲೆಯ ನಡುಭಾಗ ಹಸಿರಾಗೇ ಇತ್ತು, ಸುತ್ತಲಿನ ಗೆರೆ ಮಾತ್ರ ಬೆಂಕಿಗೆ ಹಿಡಿದ ಕಾಗದದಂತೆ ಕಂದು. ಮುಟ್ಟಿದರೆ ಪುಡಿ. ಮಣ್ಣು ಒದ್ದೆಯಾಗಿಯೇ ಇತ್ತು. ಹದಿನೈದು ದಿನದಲ್ಲಿ ಬಳ್ಳಿ ಪೂರ್ತಿ ಹೋಯಿತು. ಪುದೀನದ್ದೂ ಅದೇ ದಾರಿ. ಕೆಳಗಿನ ಎಲೆ ಉದುರಿ, ತುದಿಯಲ್ಲಿ ಗುಬ್ಬಿಯ ನಾಲಿಗೆಯಷ್ಟು ಪುಟ್ಟ ಎಲೆ ಉಳಿದು, ಆಮೇಲೆ ಕಡ್ಡಿ. ಕೊತ್ತಂಬರಿ ಎರಡು ಸಲ ಬಿತ್ತಿದೆ. ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿದ್ದೆ. ಮೊದಲ ಸಲ ಅಲ್ಲಲ್ಲಿ ಹುಟ್ಟಿತು, ಎರಡನೇ ಸಲ ಹುಟ್ಟಲೇ ಇಲ್ಲ.

ಕರಿಬೇವಿನ ಹೊಸ ಎಲೆಗಳು ಹಳದಿಯಾಗಿ ಬಂದವು. ನರ ಮಾತ್ರ ಹಸಿರು, ಉಳಿದದ್ದು ನಿಂಬೆ ಬಣ್ಣ. ಮಜ್ಜಿಗೆ ಹುಲ್ಲಿನ ತುದಿ ಒಂದು ಗೇಣು ಒಣಗಿತು. ತುಳಸಿ ಕೆಳಗಿನಿಂದ ಬೋಳಾಯಿತು. ದೊಡ್ಡಪತ್ರೆ ಬದುಕಿತ್ತು, ಆದರೆ ಎಲೆ ಚಿಕ್ಕದಾಗಿ, ಗಟ್ಟಿಯಾಗಿ, ಕಪ್‌ನಂತೆ ಒಳಕ್ಕೆ ಮಡಚಿಕೊಂಡಿತ್ತು. ಲೋಳೆಸರಕ್ಕೆ ಏನೂ ಆಗಲಿಲ್ಲ.

ಈಗ ನೋಡಿದರೆ ಗಿಡಗಳು ಹೋದ ಕ್ರಮದಲ್ಲೇ ಉತ್ತರ ಇತ್ತು. ತೆಳು ಎಲೆಯ, ಜಾಸ್ತಿ ನೀರು ಕುಡಿಯುವ ಗಿಡಗಳು ಮೊದಲು ಸೋತವು. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡಗಳು ತಡೆದವು. ರೋಗವಾಗಿದ್ದರೆ, ಹುಳವಾಗಿದ್ದರೆ ಹೀಗೆ ಸಾಲು ಹಿಡಿದು ಬರುವುದಿಲ್ಲ. ನಾನು ಒಂದೊಂದು ಗಿಡವನ್ನೂ ಬೇರೆ ಬೇರೆ ರೋಗಿ ಅಂತ ನೋಡುತ್ತಿದ್ದೆ.

ಮಾಡಿದ ತಪ್ಪು ಚಿಕಿತ್ಸೆಗಳು

ಮೊದಲು ಬೇವಿನೆಣ್ಣೆ ಸಿಂಪಡಿಸಿದೆ. ಹುಳವೇ ಇರಲಿಲ್ಲ, ಪ್ರಯೋಜನವೂ ಆಗಲಿಲ್ಲ. ಆಮೇಲೆ ಹಸಿವಿರಬೇಕು ಅಂದುಕೊಂಡು 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ರಾಸಾಯನಿಕ ಗೊಬ್ಬರ) ಕರಗಿಸಿ ಹಾಕಿದೆ. ವಾರದೊಳಗೆ ತುಳಸಿಯ ಅರ್ಧ ಎಲೆ ಉದುರಿತು. ಯಾರೋ ವಿಡಿಯೋದಲ್ಲಿ ಹೇಳಿದರು ಅಂತ ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಕೊಟ್ಟೆ. ಹೆಸರಲ್ಲೇ ಸಾಲ್ಟ್ ಇದೆ. ರಾಸಾಯನಿಕ ಗೊಬ್ಬರವೂ ನೀರಿನಲ್ಲಿ ಕರಗುವ ಲವಣವೇ. ಉಪ್ಪಿನಿಂದ ನರಳುತ್ತಿದ್ದ ಗಿಡಕ್ಕೆ ಮತ್ತೆ ಮತ್ತೆ ಉಪ್ಪನ್ನೇ ಬಡಿಸಿದ್ದೆ. ಈ ಪ್ರಕರಣದಲ್ಲಿ ನನಗೆ ಈಗಲೂ ನೋವು ಕೊಡುವುದು ಇದೇ.

ಅಮ್ಮ ಫೋನಿನಲ್ಲಿ ಹೇಳಿದ ಮದ್ದು ಒಂದೇ ಸ್ವಲ್ಪ ಕೆಲಸ ಮಾಡಿದ್ದು. "ಕರಿಬೇವಿಗೆ ಹುಳಿ ಮಜ್ಜಿಗೆ ಹಾಕು" ಅಂದರು. ಒಂದು ಲೋಟ ಹುಳಿ ಮಜ್ಜಿಗೆಗೆ ಐದಾರು ಲೋಟ ನೀರು ಸೇರಿಸಿ ಹಾಕಿದೆ. ಎರಡು ವಾರದ ನಂತರ ಬಂದ ಚಿಗುರು ತಕ್ಕಮಟ್ಟಿಗೆ ಹಸಿರಾಗಿತ್ತು. ಅದರ ಮುಂದಿನದು ಮತ್ತೆ ಹಳದಿ. ಮಣ್ಣು ಕ್ಷಾರವಾದಾಗ ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಮಜ್ಜಿಗೆಯ ಹುಳಿ ಸ್ವಲ್ಪ ದಿನ ಅದನ್ನು ಸಡಿಲಿಸುತ್ತದೆ. ಆಮೇಲೆ ಅದೇ ನೀರು ಬಿದ್ದರೆ ಮತ್ತೆ ಅದೇ ಕಥೆ. (ಊಟಕ್ಕೆ ಮಾಡಿ ಉಳಿದ ಮಜ್ಜಿಗೆ ಹಾಕುವವರು ಒಂದು ವಿಷಯ ಗಮನಿಸಿ, ಅದರಲ್ಲಿ ಉಪ್ಪು ಇರುತ್ತದೆ. ಗಿಡಕ್ಕೆ ಉಪ್ಪು ಹಾಕದ ಮಜ್ಜಿಗೆಯೇ ಆಗಬೇಕು.)

ಸಿಂಧನೂರಿನ ಹಿರಿಯರು

ಜೂನ್ ಮೊದಲ ವಾರ ಪಕ್ಕದ ಮನೆಯವರ ತಂದೆ ಊರಿನಿಂದ ಬಂದಿದ್ದರು. ಸಿಂಧನೂರು ಕಡೆಯ ರೈತರು, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು. ಕಾಫಿ ಕುಡಿಯುತ್ತಾ ಬಾಲ್ಕನಿಗೆ ಬಂದರು. ಕರಿಬೇವಿನ ಎಲೆಯನ್ನು ನೋಡಲೇ ಇಲ್ಲ. ನೇರ ಬಗ್ಗಿ ಮಣ್ಣು ನೋಡಿದರು. ಕುಂಡದ ಅಂಚಿನ ಒಳಗೋಡೆಯಲ್ಲಿ ಬೆರಳಗಲ ಬಿಳಿ ಪಟ್ಟಿ ಕಟ್ಟಿತ್ತು. ಅದನ್ನು ಉಗುರಿನಿಂದ ಕೆರೆದು ನಾಲಿಗೆಯ ತುದಿಗೆ ಇಟ್ಟುಕೊಂಡರು. ಆಮೇಲೆ ಅರ್ಧ ಲೋಟ ನೀರು ತರಿಸಿ ಮಣ್ಣಿನ ಮೇಲೆ ಸುರಿದರು. ನೀರು ಇಳಿಯಲಿಲ್ಲ, ಕೆರೆಯಂತೆ ನಿಂತಿತು. ಒಂದೆರಡು ನಿಮಿಷ ಕಳೆದ ಮೇಲೆ ಕದಡಿದ ಕೆಂಪು ನೀರಾಯಿತು.

"ಸವಳು ಹಿಡದೈತ್ರಿ ಇದಕ. ನಮ್ಮ ಹೊಲದಾಗ ಆದಂಗ ಆಗೈತಿ. ಯಾವ ನೀರು ಹಾಕ್ತೀರಿ?"

ಸವಳು-ಜವಳು ಅನ್ನುವ ಜೋಡಿ ಪದ ಪತ್ರಿಕೆಯಲ್ಲಿ ಓದಿದ್ದೆ. ಕಾಲುವೆ ನೀರಾವರಿಯ ಕಪ್ಪು ಭೂಮಿಯಲ್ಲಿ ನೀರು ಬಸಿದು ಹೋಗಲು ದಾರಿ ಇಲ್ಲದಿದ್ದರೆ ಜವಳು. ಆ ನೀರು ಬಿಸಿಲಿಗೆ ಆವಿಯಾಗಿ ಲವಣ ಮೇಲೆ ಉಳಿದರೆ ಸವಳು. ಸಿಂಧನೂರು, ಗಂಗಾವತಿ ಸುತ್ತಮುತ್ತ ಎಷ್ಟೋ ಹೊಲಗಳನ್ನು ಇದು ಹಾಳು ಮಾಡಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆಯೇ ವರ್ಷಗಳಿಂದ ಕೆಲಸ ನಡೆಯುತ್ತಿದೆ. ಅದೇ ರೋಗ ಹನ್ನೆರಡು ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿ! ಆದರೆ ಲೆಕ್ಕ ಹಾಕಿ ನೋಡಿದರೆ ಸರಿಯಾಗೇ ಇತ್ತು. ತಟ್ಟೆಯಲ್ಲಿ ನಿಂತ ನೀರೇ ಜವಳು. ಅಂಚಿನ ಬಿಳಿ ಪಟ್ಟಿಯೇ ಸವಳು.

"ಯಾವ ನೀರು" ಅನ್ನುವ ಪ್ರಶ್ನೆ ಮಾತ್ರ ಉಳಿಯಿತು.

ಪಂಪ್ ರೂಮ್

ಅದೇ ವಾರ ಇನ್ನೊಂದು ಸುಳಿವು ಸಿಕ್ಕಿತು. ನಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ ಜನವರಿಯಲ್ಲಿ ದೊಡ್ಡಪತ್ರೆಯ ಒಂದು ಕಡ್ಡಿ ಕೊಟ್ಟಿದ್ದೆ. ಅವರ ಮನೆ ಒಂದು ಕಿಲೋಮೀಟರ್ ದೂರ. ಅಲ್ಲಿ ಹೋಗಿ ನೋಡಿದರೆ ಹಳೇ ಪೇಂಟ್ ಡಬ್ಬದಲ್ಲಿ ಗಿಡ ಉಕ್ಕುತ್ತಿತ್ತು. ಎಲೆ ನನ್ನ ಅಂಗೈ ಅಗಲ. ಕಡ್ಡಿ ಅದೇ, ಊರು ಅದೇ, ಬೇಸಿಗೆ ಅದೇ. ಅವರು ಹಾಕುತ್ತಿದ್ದದ್ದು ಟ್ಯಾಂಕರ್ ನೀರು. ನಮ್ಮ ಸಂಪಿಗೂ ಟ್ಯಾಂಕರ್ ನೀರೇ ಬರುತ್ತದೆ, ಅಲ್ವಾ? ಹಾಗಾದರೆ ವ್ಯತ್ಯಾಸ ಸಂಪಿನಿಂದ ನಲ್ಲಿಗೆ ಬರುವ ದಾರಿಯಲ್ಲೇ ಇರಬೇಕು.

ನಮ್ಮ ಪ್ಲಂಬರನ್ನು ಕೇಳಿದೆ. ಅವರು ಪಂಪ್ ರೂಮಿಗೆ ಕರೆದುಕೊಂಡು ಹೋಗಿ ತೋರಿಸಿದರು. ಎರಡಾಳೆತ್ತರದ ನೀಲಿ ಸಿಲಿಂಡರ್, ಪಕ್ಕದಲ್ಲಿ ಉಪ್ಪುನೀರಿನ ಟ್ಯಾಂಕ್, ಗೋಡೆಗೆ ಒರಗಿಸಿದ ಉಪ್ಪಿನ ಮೂಟೆಗಳು. ನೆಲವೆಲ್ಲ ಬಿಳಿ. ಅದು ವಾಟರ್ ಸಾಫ್ಟ್‌ನರ್.

ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಗೀಸರ್ ಕಟ್ಟಿಕೊಳ್ಳುತ್ತದೆ, ಬಕೆಟ್ಟಿಗೆ ಬಿಳಿ ಪದರ ಹಿಡಿಯುತ್ತದೆ, ಸೋಪು ನೊರೆ ಬರುವುದಿಲ್ಲ. ಸಾಫ್ಟ್‌ನರ್ ಒಳಗೆ ಸಾಸಿವೆ ಕಾಳಿನಂಥ ರಾಳದ ಮಣಿಗಳಿರುತ್ತವೆ. ನೀರು ಹಾದುಹೋಗುವಾಗ ಅವು ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರಿನಿಂದ ತೊಳೆದು ಮತ್ತೆ ಸಿದ್ಧ ಮಾಡುತ್ತಾರೆ. ಅದಕ್ಕೇ ಆ ಮೂಟೆಗಳು. ಗೀಸರ್‌ಗೆ, ಕೂದಲಿಗೆ, ಬಟ್ಟೆಗೆ ಇದು ಒಳ್ಳೆಯದೇ. ಗಿಡಕ್ಕೆ ತೀರಾ ಕೆಟ್ಟದ್ದು.

ನಿಮ್ಮ ನಲ್ಲಿಯ ನೀರು ಸಾಫ್ಟ್‌ನರ್ ಹಾದು ಬರುತ್ತದೆಯೇ ಅಂತ ತಿಳಿಯಲು ಯಂತ್ರ ಬೇಕಿಲ್ಲ. ಕೈಗೆ ಸೋಪು ಹಚ್ಚಿ ತೊಳೆಯಿರಿ. ಎಷ್ಟು ತೊಳೆದರೂ ಜಾರು ಹೋಗದಿದ್ದರೆ ಅದು ಮೆದು ನೀರು. ಬೋರ್‌ವೆಲ್ ನೀರಿನ ಊರಿನಲ್ಲಿದ್ದೂ ಬಕೆಟ್ಟಿಗೆ ಬಿಳಿ ಕಲೆ ಹಿಡಿಯದಿದ್ದರೆ ಅದೂ ಗುರುತೇ.

ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಒಂದು ಟಿಡಿಎಸ್ ಪೆನ್ ತರಿಸಿ ಅಳೆದೆ. ನಲ್ಲಿ ನೀರು ಲೀಟರಿಗೆ 610 ಮಿಲಿಗ್ರಾಂ, ಆರ್‌ಒ ಹೊರಬಿಡುವ ನೀರು 850. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ 500 ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 2,000ದವರೆಗೂ ನಡೆಯುತ್ತದೆ. ಹಾಗಾಗಿ 610 ಕಂಡು ಯಾರೂ ಬೆಚ್ಚುವುದಿಲ್ಲ. ಈ ಪೆನ್ ನೀರಿನಲ್ಲಿ ಎಷ್ಟು ಕರಗಿದೆ ಅಂತ ಹೇಳುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ. ಸಾಫ್ಟ್‌ನರ್ ಒಂದನ್ನು ತೆಗೆದು ಇನ್ನೊಂದನ್ನು ಕೊಡುವುದರಿಂದ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಕಣ್ಣು ತೆರೆಸಿದ್ದು ಮುಂದಿನ ಅಳತೆ. ಪುದೀನ ಸತ್ತ ಕುಂಡಕ್ಕೆ ಒಂದು ಲೀಟರ್ ಶುದ್ಧ ಮಾಡಿದ ನೀರು ಹಾಕಿ, ತಳದಿಂದ ಬಂದದ್ದನ್ನು ಬಟ್ಟಲಲ್ಲಿ ಹಿಡಿದೆ. ಹಾಕುವಾಗ 55 ಇದ್ದ ನೀರು ಹೊರಬರುವಾಗ 3,000 ದಾಟಿತ್ತು. ಬಣ್ಣ ಚಹಾದಂತೆ.

ಆಗ ಎಲ್ಲ ಸೇರಿಕೊಂಡಿತು. ಪ್ರತಿ ಸಲ ನೀರು ಹಾಕಿದಾಗಲೂ ಸ್ವಲ್ಪ ಸೋಡಿಯಂ ಕುಂಡಕ್ಕೆ ಹೋಗುತ್ತಿತ್ತು. ಗಿಡ ನೀರನ್ನು ಕುಡಿದು ಸೋಡಿಯಂ ಅನ್ನು ಬಿಡುತ್ತಿತ್ತು. ಫೆಬ್ರವರಿವರೆಗೆ ತಳದಿಂದ ಸೋರುವ ನೀರು ಒಂದಷ್ಟನ್ನು ಹೊರಗೆ ಒಯ್ಯುತ್ತಿತ್ತು. ಮಾರ್ಚ್‌ನಲ್ಲಿ ನಾನು ಲವಣ ಜಾಸ್ತಿ ಇರುವ ನೀರು ತಂದೆ, ನೀರು ಕಡಿಮೆ ಮಾಡಿದೆ, ಸೋರುವ ದಾರಿಗೆ ತಟ್ಟೆ ಇಟ್ಟೆ. ಒಳಗೆ ಬಂದದ್ದು ಒಳಗೇ ಉಳಿಯಿತು. ಬೇರಿನ ಸುತ್ತ ಲವಣ ಹೆಚ್ಚಾದಾಗ ಮಣ್ಣು ಒದ್ದೆ ಇದ್ದರೂ ಬೇರು ನೀರೆಳೆಯಲಾರದು. ಜೊತೆಗೆ ಸೋಡಿಯಂ ಕೆಂಪು ಮಣ್ಣಿನ ಜೇಡಿಯನ್ನು ಬಿಡಿಸಿ ಹಿಟ್ಟು ಮಾಡುತ್ತದೆ. ಅದು ಒಣಗಿ ಗಾರೆಯಂತೆ ಕಟ್ಟಿಕೊಳ್ಳುತ್ತದೆ. ನೀರು ಕೆರೆಯಂತೆ ನಿಂತದ್ದು ಅದಕ್ಕೇ.

ಶಿರಸಿಯ ಅಂಗಳದಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿದು ಮಣ್ಣನ್ನು ತೊಳೆಯುತ್ತದೆ. ಬೆಂಗಳೂರಿನಲ್ಲೂ ಸಾವಿರಕ್ಕೆ ಸ್ವಲ್ಪ ಕಡಿಮೆ ಬೀಳುತ್ತದೆ. ನಮ್ಮ ಕುಂಡಗಳ ಮೇಲೆ ಬೀಳುತ್ತಿದ್ದದ್ದು ಸೊನ್ನೆ. ಸೂರಿನ ಕೆಳಗಿನ ಕುಂಡಕ್ಕೆ ಮಳೆಗಾಲವೇ ಇಲ್ಲ. ಈ ಮಾತು ಹೊಳೆದ ದಿನ ನನ್ನ ತೋಟಗಾರಿಕೆಯೇ ಬದಲಾಯಿತು.

ತೊಳೆದದ್ದು

ಮಳೆ ಶುರುವಾಗಿತ್ತು. ಕುಂಡಗಳನ್ನು ಟೆರೇಸಿಗೆ ಸಾಗಿಸಿ ಮಳೆಗೆ ಒಡ್ಡುವುದು ನನ್ನ ಯೋಚನೆ. ಹಿರಿಯರು ತಡೆದರು. "ಮೊದಲ ಜಿಪ್ಸಂ, ಆಮೇಲೆ ನೀರು. ಬರೀ ನೀರು ಬಿಟ್ರ ಮಣ್ಣು ಇನ್ನೂ ಕಟ್ಕೋತದ." ಸೋಡಿಯಂ ಹಿಡಿದ ಮಣ್ಣಿಗೆ ಮಳೆಯಂಥ ಶುದ್ಧ ನೀರು ಒಮ್ಮೆಲೇ ಬಿದ್ದರೆ ಜೇಡಿ ಇನ್ನಷ್ಟು ಬಿಡಿಸಿಕೊಂಡು ರಂಧ್ರ ಮುಚ್ಚುತ್ತದೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಮೊದಲು ಜೇಡಿಗೆ ಅಂಟಿದ ಸೋಡಿಯಂ ಅನ್ನು ತಳ್ಳಬೇಕು. ಆಮೇಲೆ ನೀರು ಅದನ್ನು ಹೊತ್ತು ಹೋಗುತ್ತದೆ.

ಗೊಬ್ಬರದ ಅಂಗಡಿಯಲ್ಲಿ ಕೃಷಿ ಜಿಪ್ಸಂ ಸಿಕ್ಕಿತು. ಹನ್ನೆರಡು ಇಂಚಿನ ಕುಂಡಕ್ಕೆ ಎರಡು ದೊಡ್ಡ ಚಮಚ. ಮೇಲಿನ ಎರಡು ಇಂಚು ಮಣ್ಣನ್ನು ಹಳೇ ಫೋರ್ಕಿನಿಂದ ಸಡಿಲಿಸಿ ಬೆರೆಸಿ, ಸ್ವಲ್ಪ ಒದ್ದೆ ಮಾಡಿ ಮೂರು ದಿನ ಬಿಟ್ಟೆ. ಆಮೇಲೆ ಟೆರೇಸ್. ಕುಂಡಗಳನ್ನು ಇಟ್ಟಿಗೆ ಚೂರಿನ ಮೇಲೆ ಕೂರಿಸಿ, ಪೈಪಿನ ಬಾಯಿಗೆ ಡ್ರಮ್ ಇಟ್ಟು ಹಿಡಿದ ಮಳೆನೀರನ್ನು ನಿಧಾನವಾಗಿ ಹಾಕಿದೆ. ಹತ್ತು ಲೀಟರಿನ ಕುಂಡಕ್ಕೆ ಮೂವತ್ತು ಲೀಟರ್ ಲೆಕ್ಕ, ಒಂದೇ ದಿನ ಅಲ್ಲ, ಮೂರು ದಿನದಲ್ಲಿ. ಕರಿಬೇವಿನ ಕುಂಡದಿಂದ ಮೊದಲು ಬಂದ ನೀರು 2,700, ಎರಡನೇ ದಿನ 1,300, ಮೂರನೇ ದಿನ 500ರ ಹತ್ತಿರ. ಕಡೆಯ ದಿನ ನೀರು ನಿಲ್ಲದೆ ಸರಸರ ಇಳಿಯಿತು.

ಒಂದೆಲಗ, ಪುದೀನದ ಮಣ್ಣನ್ನು ಉಳಿಸುವ ಗೋಜಿಗೆ ಹೋಗಲಿಲ್ಲ. ಹೊಸ ಮಿಶ್ರಣ ಮಾಡಿದೆ. ಕೆಂಪು ಮಣ್ಣು, ಹಳೇ ಕಾಂಪೋಸ್ಟ್, ಮರಳು, ಸ್ವಲ್ಪ ಕೊಕೊಪೀಟ್ (ತೆಂಗಿನ ನಾರಿನ ಪುಡಿ). ಕೊಕೊಪೀಟ್ ಇಟ್ಟಿಗೆಯಲ್ಲೂ ಲವಣ ಇರುತ್ತದೆ. ಮೂರು ಸಲ ನೆನೆಸಿ ಹಿಂಡಿ ಆ ನೀರು ಚೆಲ್ಲಿದ ಮೇಲೆಯೇ ಬಳಸಬೇಕು.

ದಿನನಿತ್ಯದ ನೀರಿನ ವ್ಯವಸ್ಥೆಯೂ ಬದಲಾಯಿತು. ಕೆಳಗೆ ತೋಟದ ನಲ್ಲಿಯೊಂದಿದೆ, ಅದು ಸಾಫ್ಟ್‌ನರ್‌ಗೆ ಹೋಗುವ ಮೊದಲೇ ಕವಲೊಡೆದ ಪೈಪು. ವಾರಕ್ಕೆ ಎರಡು ಸಲ 20 ಲೀಟರ್ ಕ್ಯಾನಿನಲ್ಲಿ ಅಲ್ಲಿಂದ ಲಿಫ್ಟಿನಲ್ಲಿ ತರುತ್ತೇನೆ. ಗಡಸು ನೀರೇ, ಆದರೆ ಅದರ ಕ್ಯಾಲ್ಸಿಯಂ ಮಣ್ಣನ್ನು ಕಟ್ಟಲು ಬಿಡುವುದಿಲ್ಲ. ಕರಿಬೇವಿಗೆ ಅದರಿಂದ ಆಗುವ ಹಳದಿಗೆ ತಿಂಗಳಿಗೊಮ್ಮೆ ಅಮ್ಮನ ಮಜ್ಜಿಗೆ ಸಾಕು. ಆರ್‌ಒ ನೀರು ಈಗ ನೆಲ ಒರೆಸಲು, ಶೌಚಾಲಯಕ್ಕೆ. ತಟ್ಟೆಗಳನ್ನು ತೆಗೆದೆ. ಕೆಳಗಿನ ಮನೆಯ ಬಟ್ಟೆಗೂ ತೊಂದರೆ ಆಗಬಾರದಲ್ಲ, ಅದಕ್ಕೆ ಹದಿನೈದು ದಿನಕ್ಕೊಮ್ಮೆ ಶನಿವಾರ ಕುಂಡಗಳನ್ನು ಬಚ್ಚಲಿಗೆ ಒಯ್ದು ತಳದಿಂದ ಚೆನ್ನಾಗಿ ಹರಿಯುವಷ್ಟು ನೀರು ಹಾಕುತ್ತೇನೆ. ಅಮ್ಮ ಇದಕ್ಕೆ ಕುಂಡದ ಅಭ್ಯಂಜನ ಅನ್ನುತ್ತಾರೆ. ದೊಡ್ಡ ಕರಿಬೇವಿನ ಕುಂಡಕ್ಕೆ ಚಕ್ರದ ಹಲಗೆ ಮಾಡಿಸಿದೆ, ಇಲ್ಲದಿದ್ದರೆ ಸೊಂಟ ಹಿಡಿಯುತ್ತಿತ್ತು. ರಾಸಾಯನಿಕ ಗೊಬ್ಬರ ಪೂರ್ತಿ ನಿಲ್ಲಿಸಿದ್ದೇನೆ. ತಿಂಗಳಿಗೆ ಒಂದು ಹಿಡಿ ಎರೆಗೊಬ್ಬರ, ಅಷ್ಟೇ.

ಆಮೇಲೆ

ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆಯನ್ನು ಮಾತ್ರ ನೋಡಬೇಕು. ಕರಿಬೇವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ್ದೆ. ಐದು ವಾರಕ್ಕೆ ನಾಲ್ಕು ಕಡೆ ಚಿಗುರು ಬಂತು, ಈ ಸಲ ಕಡು ಹಸಿರು. ಪುದೀನ ಮಾರುಕಟ್ಟೆಯ ಕಟ್ಟಿನಿಂದಲೇ ಬಂತು. ಗಟ್ಟಿ ಕಡ್ಡಿ ಆರಿಸಿ ಲೋಟದ ನೀರಲ್ಲಿ ಇಟ್ಟರೆ ಹತ್ತು ದಿನದಲ್ಲಿ ಬಿಳಿ ಬೇರು. ಒಂದೆಲಗವನ್ನು ಅಮ್ಮ ಆಗಸ್ಟ್‌ನಲ್ಲಿ ಮತ್ತೆ ತಂದರು. ಬಿಸಿಲು ಕಡಿಮೆ ಇರುವ ಮೂಲೆಯಲ್ಲಿ ಇಟ್ಟೆ. ನವರಾತ್ರಿ ಹೊತ್ತಿಗೆ ಕುಂಡದ ಅಂಚು ದಾಟಿ ಇಳಿದಿತ್ತು. ತುಳಸಿ ಉಳಿಯಲಿಲ್ಲ. ಅದರದೇ ಬೀಜದಿಂದ ಹುಟ್ಟಿದ ಸಸಿ ಈಗ ಆ ಜಾಗದಲ್ಲಿದೆ.

ಸೆಪ್ಟೆಂಬರ್‌ನಲ್ಲಿ ಒಂದು ಬೆಳಗ್ಗೆ ಕರಿಬೇವಿನ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡಿತು. ಒರೆಸಲು ಹೋದರೆ ಅಲುಗಿತು. ನಿಂಬೆ ಚಿಟ್ಟೆಯ ಮರಿಹುಳ. ಎಳೆಯದಿದ್ದಾಗ ಹಿಕ್ಕೆಯ ವೇಷ, ಬಲಿತ ಮೇಲೆ ಎಲೆಯದೇ ಹಸಿರು. ಬೆರಳು ತಾಗಿಸಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೋಡು ಚಾಚಿ ಘಾಟು ವಾಸನೆ ಬಿಡುತ್ತದೆ. ಕರಿಬೇವು ನಿಂಬೆಯ ಕುಟುಂಬದ್ದೇ ಆದ್ದರಿಂದ ಈ ಚಿಟ್ಟೆಗಳು ಇಲ್ಲಿಗೂ ಬರುತ್ತವೆ. ಎಳೆಯ ಚಿಗುರನ್ನೇ ಹುಡುಕಿ ಮೊಟ್ಟೆ ಇಡುತ್ತವೆ. ಏಪ್ರಿಲ್‌ನಿಂದ ನಮ್ಮ ಗಿಡದ ಹತ್ತಿರ ಒಂದೂ ಬಂದಿರಲಿಲ್ಲ. ಐದು ಹುಳ ಇದ್ದವು, ಮೂರನ್ನು ಟೆರೇಸಿನ ನಿಂಬೆ ಗಿಡಕ್ಕೆ ಬಿಟ್ಟೆ, ಎರಡಕ್ಕೆ ನಮ್ಮಲ್ಲೇ ಊಟ.

ವೀಳ್ಯದೆಲೆ ಬಳ್ಳಿಯೂ ಚೇತರಿಸಿಕೊಳ್ಳಲಿಲ್ಲ. ತೊಳೆದ ಮೇಲೆ ಎರಡು ಎಲೆ ಬಿಟ್ಟಿತು, ಡಿಸೆಂಬರ್‌ನ ಚಳಿಗೆ ಕಾಂಡ ಕಪ್ಪಾಯಿತು. ಕಿತ್ತು ನೋಡಿದರೆ ಬೇರು ಎಂದೋ ಕೊಳೆತಿತ್ತು. ಮುಂದಿನ ಮಳೆಗಾಲಕ್ಕೆ ಅಮ್ಮ ಇನ್ನೊಂದು ಬಳ್ಳಿ ತರುತ್ತಾರಂತೆ. ಅದರ ಕುಂಡ ತೊಳೆದು, ತಳಕ್ಕೆ ಇನ್ನೂ ಮೂರು ತೂತು ಕೊರೆದು ಇಟ್ಟಿದ್ದೇನೆ.